ಪೈಲಟ್ ಸಂಬಳದಲ್ಲಿ 70 ಗಂಟೆ ಮತ್ತು 40 ಗಂಟೆ: ವಿಮಾನಗಳು ಇದ್ದಕ್ಕಿದ್ದಂತೆ ಯಾಕೆ ರದ್ದಾಗುತ್ತವೆ?

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ವಿಮಾನಗಳು ಸಾಲುಸಾಲಾಗಿ ರದ್ದಾದವು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಜಾಸ್ತಿ ಹಾರಾಟ ನಿಂತುಹೋಯಿತು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ಜನ ಗಂಟೆಗಟ್ಟಲೆ ಕಾದರು. ಹುಬ್ಬಳ್ಳಿಯ ಒಂದು ಆರತಕ್ಷತೆಗೆ ಮದುಮಕ್ಕಳೇ ಬಂದು ಮುಟ್ಟಲಾಗಲಿಲ್ಲ. ಕೊನೆಗೆ ವಿಡಿಯೊ ಕರೆಯಲ್ಲೇ ನೆಂಟರಿಗೆ ಮುಖ ತೋರಿಸಿದರು.

ಅದಕ್ಕೂ ಒಂದೂವರೆ ವರ್ಷ ಮುಂಚೆ, 2024ರ ಏಪ್ರಿಲ್‌ನಲ್ಲಿ, ವಿಸ್ತಾರ ಕಂಪನಿಯ ವಿಮಾನಗಳು ಹೀಗೇ ರದ್ದಾಗಿದ್ದವು. ಎರಡೂ ಸಲ ಟಿವಿಯಲ್ಲಿ ಕೇಳಿದ್ದು ಒಂದೇ ಮಾತು: ಪೈಲಟ್‌ಗಳು ಸಾಲುತ್ತಿಲ್ಲ. ಲಕ್ಷಗಟ್ಟಲೆ ಸಂಬಳ ಇರುವ ಕೆಲಸ, ವಿಮಾನಗಳೂ ಇವೆ, ಪ್ರಯಾಣಿಕರೂ ಇದ್ದಾರೆ. ಮತ್ತೆ ಪೈಲಟ್‌ಗಳು ಯಾಕೆ ಸಾಲುವುದಿಲ್ಲ? ಇದು ಅರ್ಥವಾಗಬೇಕಾದರೆ ಅವರ ಸಂಬಳವನ್ನು ಹೇಗೆ ಎಣಿಸುತ್ತಾರೆ ಅನ್ನುವುದರಿಂದಲೇ ಶುರು ಮಾಡಬೇಕು.

ಕಾಕ್‌ಪಿಟ್‌ನಲ್ಲಿ ಯಾರಿರುತ್ತಾರೆ

ಏರ್‌ಬಸ್ 320 ಥರದ ವಿಮಾನದಲ್ಲಿ ಇಬ್ಬರು ಪೈಲಟ್‌ಗಳು ಕೂರುತ್ತಾರೆ. ಎಡಗಡೆ ಕ್ಯಾಪ್ಟನ್, ಬಲಗಡೆ ಫಸ್ಟ್ ಆಫೀಸರ್. ಇಬ್ಬರೂ ವಿಮಾನ ಹಾರಿಸುತ್ತಾರೆ. ಕೊನೆಯ ತೀರ್ಮಾನ ಮಾತ್ರ ಕ್ಯಾಪ್ಟನ್‌ನದು. ಇಬ್ಬರ ಸಂಬಳದ ನಡುವೆ ದೊಡ್ಡ ಅಂತರ ಇದೆ. ಕ್ಯಾಪ್ಟನ್‌ಗೆ ತಿಂಗಳಿಗೆ ಹಲವು ಲಕ್ಷ ಬಂದರೆ, ಹೊಸದಾಗಿ ಸೇರಿದ ಫಸ್ಟ್ ಆಫೀಸರ್‌ಗೆ ಅದರಲ್ಲಿ ಒಂದು ಸಣ್ಣ ಪಾಲು ಬರುತ್ತದೆ.

ಆ ಹೊಸಬರ ಹೆಗಲ ಮೇಲೆ ಸಾಲವೂ ಇರುತ್ತದೆ. ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ ನಮ್ಮ ದೇಶದಲ್ಲಿ 200 ಗಂಟೆ ಹಾರಾಟ ಬೇಕು. ಆಮೇಲೆ ಒಂದೊಂದು ಬಗೆಯ ವಿಮಾನಕ್ಕೂ ಬೇರೆ ತರಬೇತಿ, ಅದಕ್ಕೆ ಟೈಪ್ ರೇಟಿಂಗ್ ಅಂತಾರೆ. ಎಲ್ಲ ಸೇರಿ ಅರ್ಧ ಕೋಟಿ ದಾಟುವುದು ಮಾಮೂಲು. ಹೆಚ್ಚಿನವರ ಮನೆಯಲ್ಲಿ ಈ ದುಡ್ಡು ಇರುವುದಿಲ್ಲ. ಬ್ಯಾಂಕ್ ಸಾಲ, ಜಮೀನು, ಅಪ್ಪ-ಅಮ್ಮನ ಪಿಎಫ್, ಹೀಗೆ ಹೊಂದಿಸುತ್ತಾರೆ. ಕೆಲಸ ಸಿಕ್ಕ ದಿನದಿಂದಲೇ ಕಂತು ಶುರುವಾಗುತ್ತದೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕ ಯಾಕೆ ಅಷ್ಟು ನೋಯಿಸುತ್ತದೆ ಅಂತ ತಿಳಿಯುತ್ತದೆ.

ಸಂಬಳ ಎಣಿಸುವುದು ತಿಂಗಳಿಂದಲ್ಲ, ಗಂಟೆಯಿಂದ

ಕಚೇರಿಯಲ್ಲಿ ಕೆಲಸ ಮಾಡುವವರಿಗೆ ತಿಂಗಳ ಸಂಬಳ. ಪೈಲಟ್‌ನ ಸಂಬಳದ ದೊಡ್ಡ ಭಾಗ ಹಾರಾಟದ ಗಂಟೆಗೆ ಕಟ್ಟಿಕೊಂಡಿರುತ್ತದೆ. ಆ ಗಂಟೆಯ ಹೆಸರು ಬ್ಲಾಕ್ ಅವರ್. ವಿಮಾನ ನಿಂತ ಜಾಗದಿಂದ ಚಕ್ರ ಕದಲಿದಾಗ ಗಡಿಯಾರ ಶುರು. ಇನ್ನೊಂದು ಊರಲ್ಲಿ ಚಕ್ರ ನಿಂತಾಗ ಗಡಿಯಾರ ಬಂದ್.

ಪೈಲಟ್‌ನ ಕೆಲಸ ಇಷ್ಟೇ ಅಲ್ಲ. ಹಾರಾಟಕ್ಕೆ ಒಂದು ಗಂಟೆ ಮುಂಚೆಯೇ ಬಂದು ಹವಾಮಾನ, ಇಂಧನ, ದಾರಿ ಎಲ್ಲ ನೋಡಬೇಕು. ಒಂದು ಹಾರಾಟಕ್ಕೂ ಇನ್ನೊಂದಕ್ಕೂ ನಡುವೆ ನಿಲ್ದಾಣದಲ್ಲೇ ಕಾಯಬೇಕು. ಕೆಲವು ದಿನ ಸ್ಟ್ಯಾಂಡ್‌ಬೈ ಇರುತ್ತದೆ. ಅಂದರೆ ಮನೆಯಲ್ಲಿದ್ದರೂ ಫೋನ್ ಬಂದ ಕೂಡಲೇ ಹೊರಡಲು ತಯಾರಿರಬೇಕು. ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ. ಬೆಳಿಗ್ಗೆ ನಾಲ್ಕಕ್ಕೆ ಮನೆ ಬಿಟ್ಟು ಸಂಜೆ ಮರಳಿದ ಪೈಲಟ್‌ನ ಹೆಸರಿಗೆ ಐದಾರು ಬ್ಲಾಕ್ ಅವರ್ ಮಾತ್ರ ಬಂದಿರಬಹುದು.

ಹಾರಾಟದ ಗಂಟೆಗಳು ಎಲ್ಲ ತಿಂಗಳೂ ಒಂದೇ ಥರ ಇರುವುದಿಲ್ಲ. ಹಾಗಾಗಿ ಕಂಪನಿಗಳು ಒಂದು ಕನಿಷ್ಠ ಗಂಟೆಯ ಖಾತರಿ ಕೊಡುತ್ತವೆ. ಆಟೋದ ಮಿನಿಮಮ್ ಚಾರ್ಜ್ ಗೊತ್ತಲ್ವಾ? ಅರ್ಧ ಕಿಲೋಮೀಟರ್ ಹೋಗಿ ಇಳಿದರೂ ಅಷ್ಟು ಕೊಡಲೇಬೇಕು. ಆ ದೂರ ದಾಟಿದ ಮೇಲೆ ಮಾತ್ರ ಮೀಟರ್ ಏರುತ್ತದೆ. ಖಾತರಿ ಗಂಟೆಯೂ ಹೀಗೇ. 70 ಗಂಟೆ ಖಾತರಿ ಅಂದರೆ, ಆ ತಿಂಗಳು 50 ಗಂಟೆ ಹಾರಿಸಿದರೂ 70 ಗಂಟೆಯ ದುಡ್ಡು ಬರುತ್ತದೆ. 70 ದಾಟಿದರೆ ಪ್ರತಿ ಗಂಟೆಗೂ ಬೇರೆ ದುಡ್ಡು.

ವಿಸ್ತಾರದಲ್ಲಿ ಏನಾಯಿತು

ವಿಸ್ತಾರ ಟಾಟಾ ಮತ್ತು ಸಿಂಗಪುರ್ ಏರ್‌ಲೈನ್ಸ್ ಸೇರಿ ಕಟ್ಟಿದ ಕಂಪನಿ. 2015ರ ಜನವರಿಯಲ್ಲಿ ಹಾರಾಟ ಶುರು ಮಾಡಿತು. 2022ರ ಜನವರಿಯಲ್ಲಿ ಟಾಟಾ ಸರ್ಕಾರದಿಂದ ಏರ್ ಇಂಡಿಯಾವನ್ನು ಕೊಂಡುಕೊಂಡಿತು. ಆಮೇಲೆ ವಿಸ್ತಾರವನ್ನು ಏರ್ ಇಂಡಿಯಾದ ಜೊತೆ ಸೇರಿಸುವ ಕೆಲಸ ಹಿಡಿಯಿತು. ಎರಡು ಕಂಪನಿ ಒಂದಾಗಬೇಕಾದರೆ ಸಂಬಳದ ಲೆಕ್ಕವೂ ಒಂದೇ ಆಗಬೇಕು. ವಿಸ್ತಾರದಲ್ಲಿ ಖಾತರಿ ಗಂಟೆ 70 ಇತ್ತು. ಏರ್ ಇಂಡಿಯಾದ ಹೊಸ ಒಪ್ಪಂದದಲ್ಲಿ 40. ವಿಸ್ತಾರದವರನ್ನೂ 40ಕ್ಕೆ ಇಳಿಸಿದರು.

ಇದನ್ನು ಒಂದು ಲೆಕ್ಕ ಹಾಕಿ ನೋಡೋಣ. ಗಂಟೆಗೆ 5,000 ರೂಪಾಯಿ ಅಂತ ಸುಮ್ನೆ ಇಟ್ಟುಕೊಳ್ಳಿ. ಇದು ಯಾವ ಕಂಪನಿಯ ದರವೂ ಅಲ್ಲ, ಲೆಕ್ಕಕ್ಕೆ ಸುಲಭ ಅಷ್ಟೆ.

ತಿಂಗಳಿಗೆ 80 ಗಂಟೆ ಹಾರಿಸುವ ಪೈಲಟ್‌ಗೆ ಹಳೆ ಪದ್ಧತಿಯಲ್ಲೂ 4 ಲಕ್ಷ, ಹೊಸದರಲ್ಲೂ 4 ಲಕ್ಷ. ಏನೂ ವ್ಯತ್ಯಾಸ ಇಲ್ಲ. ಕಂಪನಿಗಳು ತೋರಿಸುವುದು ಇದೇ ಲೆಕ್ಕ. ತಿಂಗಳಿಗೆ 55 ಗಂಟೆ ಮಾತ್ರ ಹಾರಿಸಿದರೆ? ಹಳೆಯದರಲ್ಲಿ 70 ಗಂಟೆಯ ದುಡ್ಡು, ಅಂದರೆ 3.5 ಲಕ್ಷ. ಹೊಸದರಲ್ಲಿ 2.75 ಲಕ್ಷ. ಗಂಟೆಯ ದರ ಒಂದು ಪೈಸೆ ಇಳಿದಿಲ್ಲ. ಆದರೂ ಮನೆಗೆ ಬರುವ ದುಡ್ಡು 75,000 ಕಡಿಮೆಯಾಯಿತು.

ಗಂಟೆ ಕಡಿಮೆಯಾಗುವುದು ಪೈಲಟ್‌ನ ಸೋಮಾರಿತನದಿಂದ ಅಲ್ಲ. ರಜೆ ತೆಗೆದುಕೊಂಡರೆ ಕಡಿಮೆ. ತರಬೇತಿಗೆ ಕಳಿಸಿದರೆ ಕಡಿಮೆ. ವೈದ್ಯಕೀಯ ಪರೀಕ್ಷೆಯಲ್ಲಿ ರಕ್ತದೊತ್ತಡ ಜಾಸ್ತಿ ಅಂತ ಕೆಲವು ವಾರ ಕೂರಿಸಿದರೆ ಕಡಿಮೆ. ವಿಮಾನವೇ ಕೆಟ್ಟು ನಿಂತರೂ ಕಡಿಮೆ. ಪ್ರ್ಯಾಟ್ ಅಂಡ್ ವಿಟ್ನಿ ಎಂಜಿನ್‌ಗಳ ತೊಂದರೆಯಿಂದ ಇಂಡಿಗೋದ ಹತ್ತಾರು ವಿಮಾನಗಳು ನೆಲ ಹಿಡಿದಿದ್ದವು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಕಂಪನಿ ಹಾರಾಟವನ್ನೇ ನಿಲ್ಲಿಸಿತು, ಅದೂ ಇದೇ ಎಂಜಿನ್‌ಗಳತ್ತ ಬೆರಳು ತೋರಿಸಿತ್ತು. ಮುಂಚೆ ಇಂಥ ನಷ್ಟ ಕಂಪನಿಯ ಮೇಲೆ ಬೀಳುತ್ತಿತ್ತು. ಖಾತರಿ ಗಂಟೆ ಇಳಿಸಿದಷ್ಟೂ ಅದು ಪೈಲಟ್‌ನ ಮೇಲೆ ಬೀಳುತ್ತದೆ. ಸಂಬಳದ ಸುದ್ದಿ ಓದುವಾಗ ಗಂಟೆಯ ದರಕ್ಕಿಂತ ಖಾತರಿ ಗಂಟೆ ಎಷ್ಟು ಅಂತ ಮೊದಲು ನೋಡಬೇಕು. ಜಗಳದ ಬೇರು ಇರುವುದು ಅಲ್ಲಿ.

ಇದರಲ್ಲಿ ಪ್ರಯಾಣಿಕರಿಗೂ ಸಂಬಂಧಿಸಿದ ಒಂದು ವಿಷಯ ಇದೆ. ಹಾರಿಸದಿದ್ದರೆ ದುಡ್ಡಿಲ್ಲ ಅಂತಾದರೆ, ಜ್ವರ ಇದ್ದರೂ, ನಿದ್ದೆ ಸಾಲದಿದ್ದರೂ ಪೈಲಟ್ ಹೊರಟುಬಿಡುವ ಸಾಧ್ಯತೆ ಜಾಸ್ತಿ. 'ಇವತ್ತು ನನ್ನ ಕೈಲಾಗಲ್ಲ' ಅಂತ ಹೇಳುವುದು ಪೈಲಟ್‌ನ ಹಕ್ಕು ಮಾತ್ರವಲ್ಲ, ಕರ್ತವ್ಯ ಕೂಡ. ಆ ಮಾತಿಗೆ ಬೆಲೆ ತೆರಬೇಕಾಗಿ ಬರಬಾರದು.

ವಿಸ್ತಾರದ ಪೈಲಟ್‌ಗಳಲ್ಲಿ ಹೆಚ್ಚಿನವರು ಹೊಸ ಒಪ್ಪಂದಕ್ಕೆ ಸಹಿ ಹಾಕಿದರು. ಆದರೆ ಮಾರ್ಚ್ ಕೊನೆಗೆ ತುಂಬ ಜನ ಒಟ್ಟಿಗೇ ಸಿಕ್ ಲೀವ್ ಹಾಕಿದರು. ಕೆಲವೇ ದಿನಗಳಲ್ಲಿ ನೂರಕ್ಕೂ ಜಾಸ್ತಿ ಹಾರಾಟ ರದ್ದಾಯಿತು. ವಿಮಾನಯಾನ ಸಚಿವಾಲಯ ವರದಿ ಕೇಳಿತು. ಕೊನೆಗೆ ಕಂಪನಿ ದಿನಕ್ಕೆ 25ರಿಂದ 30 ಹಾರಾಟ, ಅಂದರೆ ಸುಮಾರು ಶೇ 10ರಷ್ಟು ಕೆಲಸವನ್ನೇ ಕಡಿಮೆ ಮಾಡಿತು. ರೋಸ್ಟರ್, ಅಂದರೆ ಯಾರು ಯಾವಾಗ ಹಾರಿಸಬೇಕು ಅನ್ನುವ ಪಟ್ಟಿ, ತುಂಬ ಬಿಗಿಯಾಗಿತ್ತು ಅನ್ನುವುದನ್ನು ಆಡಳಿತವೂ ಒಪ್ಪಿಕೊಂಡಿತು. 2024ರ ನವೆಂಬರ್ 12ರಂದು ವಿಸ್ತಾರ ಏರ್ ಇಂಡಿಯಾದಲ್ಲಿ ಸೇರಿಹೋಯಿತು.

ಕಂಪನಿ ಇಲ್ಲೇ ಯಾಕೆ ಕೈ ಹಾಕುತ್ತದೆ

ಆಡಳಿತದ ಕಷ್ಟವೂ ಸುಳ್ಳಲ್ಲ. ವಿಮಾನ ಕಂಪನಿಯ ಖರ್ಚಿನಲ್ಲಿ ದೊಡ್ಡ ಪಾಲು ಇಂಧನದ್ದು. ಒಟ್ಟು ಖರ್ಚಿನ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಅದಕ್ಕೇ ಹೋಗುತ್ತದೆ. ಅದರ ಬೆಲೆ ಕಂಪನಿಯ ಕೈಲಿಲ್ಲ. ವಿಮಾನಗಳು ಹೆಚ್ಚಾಗಿ ಬಾಡಿಗೆಯವು. ಬಾಡಿಗೆ ಕೊಡುವುದು ಡಾಲರ್‌ನಲ್ಲಿ, ಟಿಕೆಟ್ ದುಡ್ಡು ಬರುವುದು ರೂಪಾಯಿಯಲ್ಲಿ. ರೂಪಾಯಿ ಬಿದ್ದರೆ ಬಾಡಿಗೆ ತಾನಾಗಿಯೇ ಏರುತ್ತದೆ. ನಿಲ್ದಾಣದ ಶುಲ್ಕವೂ ಬೇರೆಯವರ ಕೈಲಿದೆ. ಟಿಕೆಟ್ ದರ ಏರಿಸಿದರೆ ಜನ ಪಕ್ಕದ ಕಂಪನಿಗೆ ಹೋಗುತ್ತಾರೆ. 2003ರಲ್ಲಿ ಬೆಂಗಳೂರಿನ ಏರ್ ಡೆಕ್ಕನ್ ಕಡಿಮೆ ದರದ ಹಾರಾಟ ಶುರು ಮಾಡಿದ ಮೇಲೆ ಅಗ್ಗದ ಟಿಕೆಟ್ ಎಲ್ಲರಿಗೂ ರೂಢಿಯಾಗಿದೆ. ಉಳಿತಾಯ ಮಾಡಲೇಬೇಕು ಅಂದಾಗ ಆಡಳಿತಕ್ಕೆ ಕೈಗೆಟಕುವುದು ಸಿಬ್ಬಂದಿಯ ಖರ್ಚು. ಅದರಲ್ಲೂ ದೊಡ್ಡ ಸಂಬಳದವರ ಖರ್ಚು.

ಕಂಪನಿ ಪೂರ್ತಿ ಮುಳುಗಿದರೆ ಏನಾಗುತ್ತದೆ ಅನ್ನುವುದಕ್ಕೂ ಬೆಂಗಳೂರಿನದೇ ಉದಾಹರಣೆ ಇದೆ. 2012ರಲ್ಲಿ ಕಿಂಗ್‌ಫಿಶರ್ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬರಲಿಲ್ಲ. ಪೈಲಟ್‌ಗಳು, ಎಂಜಿನಿಯರ್‌ಗಳು ಕೆಲಸ ನಿಲ್ಲಿಸಿದರು. ಆ ವರ್ಷ ಅಕ್ಟೋಬರ್‌ನಲ್ಲಿ ಲೈಸೆನ್ಸ್ ಅಮಾನತಾಯಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗಲೂ ಸಂಬಳ ಬಾಕಿ ಇತ್ತು. ಇವನ್ನೆಲ್ಲ ನೋಡಿದ ಪೈಲಟ್‌ಗೆ ಖಾತರಿ ಅನ್ನುವುದು ಎಷ್ಟು ಮುಖ್ಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಸಂಬಳ ಮುಟ್ಟದೆ ಮಾಡುವ ಉಳಿತಾಯ

ಖರ್ಚು ಇಳಿಸಲು ಇನ್ನೊಂದು ದಾರಿ ಇದೆ. ಇದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಪೈಲಟ್‌ಗಳ ಸಂಖ್ಯೆಯನ್ನೇ ಬಿಗಿಯಾಗಿ ಇಡುವುದು.

ಒಂದು ವಿಮಾನಕ್ಕೆ ಎಷ್ಟು ಪೈಲಟ್ ಬೇಕು? ದಿನಕ್ಕೆ 13 ಗಂಟೆ ಹಾರುವ ವಿಮಾನ ಅಂತಿಟ್ಟುಕೊಳ್ಳಿ. ತಿಂಗಳಿಗೆ 390 ಗಂಟೆ. ಇಬ್ಬರು ಕೂರಬೇಕು, ಹಾಗಾಗಿ 780 ಪೈಲಟ್ ಗಂಟೆ. ಕಾನೂನಿನ ಪ್ರಕಾರ ಒಬ್ಬ ಪೈಲಟ್ ವರ್ಷಕ್ಕೆ 1,000 ಗಂಟೆಗಿಂತ ಜಾಸ್ತಿ ಹಾರಿಸುವಂತಿಲ್ಲ. ಅಂದರೆ ತಿಂಗಳಿಗೆ ಸರಾಸರಿ 83. ಈ ಲೆಕ್ಕಕ್ಕೆ ಒಂದು ವಿಮಾನಕ್ಕೆ ಒಂಬತ್ತರಿಂದ ಹತ್ತು ಜನ. ಇದು ಯಾರೂ ರಜೆ ಹಾಕದೆ, ಯಾರಿಗೂ ಕಾಯಿಲೆ ಬರದೆ, ಎಲ್ಲರೂ ಕಾನೂನಿನ ಅಂಚಿನಲ್ಲೇ ಹಾರಿಸಿದರೆ ಮಾತ್ರ. ನಿಜವಾಗಿ ಅದಕ್ಕಿಂತ ಹಲವರು ಜಾಸ್ತಿ ಬೇಕು. ಹೀಗೆ ಜಾಸ್ತಿ ಇಟ್ಟುಕೊಂಡವರು ಕಂಪನಿಯ ಲೆಕ್ಕದಲ್ಲಿ ಖರ್ಚು. ನೂರಾರು ವಿಮಾನ ಇರುವ ಕಂಪನಿಯಲ್ಲಿ ವಿಮಾನಕ್ಕೆ ಒಬ್ಬರನ್ನು ಕಡಿಮೆ ಮಾಡಿದರೂ ಉಳಿಯುವ ದುಡ್ಡು ದೊಡ್ಡದು.

ಈ ಬಿಗಿ ಲೆಕ್ಕ 2025ರ ಡಿಸೆಂಬರ್‌ನಲ್ಲಿ ಹರಿದುಹೋಯಿತು. ಪೈಲಟ್‌ಗಳ ದಣಿವು ತಪ್ಪಿಸಲು ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ 2024ರ ಜನವರಿಯಲ್ಲೇ ಹೊಸ ನಿಯಮ ಪ್ರಕಟಿಸಿತ್ತು. ಇವಕ್ಕೆ ಎಫ್‌ಡಿಟಿಎಲ್ ನಿಯಮಗಳು ಅಂತಾರೆ. ಎಷ್ಟು ಹೊತ್ತು ಕೆಲಸ, ಎಷ್ಟು ಹೊತ್ತು ವಿಶ್ರಾಂತಿ ಅನ್ನುವುದನ್ನು ಹೇಳುವ ನಿಯಮಗಳು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ಅಂದರೆ ಮುಂಚೆ 12ರಿಂದ 5 ಇತ್ತು, ಈಗ 12ರಿಂದ 6. ಆ ಹೊತ್ತಲ್ಲಿ ಒಬ್ಬ ಪೈಲಟ್ ಮಾಡಬಹುದಾದ ಲ್ಯಾಂಡಿಂಗ್ ಆರರಿಂದ ಎರಡಕ್ಕೆ ಇಳಿಯಿತು.

ಕಂಪನಿಗಳು ಸಮಯ ಬೇಕು ಅಂದವು. 2024ರ ಜೂನ್‌ನಲ್ಲಿ ಬರಬೇಕಿದ್ದ ನಿಯಮ ಮುಂದಕ್ಕೆ ಹೋಯಿತು. ಪೈಲಟ್ ಸಂಘಗಳು ದೆಹಲಿ ಹೈಕೋರ್ಟ್‌ಗೆ ಹೋದವು. ಕೊನೆಗೆ ಮೊದಲ ಕಂತು 2025ರ ಜುಲೈ 1ರಿಂದ, ಎರಡನೆಯದು ನವೆಂಬರ್ 1ರಿಂದ ಜಾರಿಯಾಯಿತು. ರಾತ್ರಿ ಲ್ಯಾಂಡಿಂಗ್ ಮಿತಿ ಬಂದಿದ್ದು ಎರಡನೆಯ ಕಂತಿನಲ್ಲಿ. ರಾತ್ರಿ ಹಾರಾಟ ಜಾಸ್ತಿ ಇರುವ ಇಂಡಿಗೋಗೆ ಅದೇ ಮುಳುವಾಯಿತು. ನಿಯಮಕ್ಕೆ ತಕ್ಕಷ್ಟು ಪೈಲಟ್‌ಗಳ ಲೆಕ್ಕ ಹಾಕುವುದರಲ್ಲಿ ತಪ್ಪಾಯಿತು ಅಂತ ಕಂಪನಿ ಒಪ್ಪಿಕೊಂಡಿತು. ನೇಮಕಾತಿ ನಿಲ್ಲಿಸಿ ಕಡಿಮೆ ಜನರಲ್ಲೇ ದೂಡುತ್ತಿದ್ದದ್ದೇ ಕಾರಣ ಅಂತ ಪೈಲಟ್‌ಗಳ ಒಕ್ಕೂಟ ದೂರಿತು. ಡಿಜಿಸಿಎ ರಾತ್ರಿ ನಿಯಮಗಳಿಂದ ಇಂಡಿಗೋಗೆ 2026ರ ಫೆಬ್ರವರಿ 10ರ ತನಕ ವಿನಾಯಿತಿ ಕೊಟ್ಟಿತು.

ಇಲ್ಲಿ ಒಂದು ವಿಷಯ ಬೇಸರ ತರಿಸುತ್ತದೆ. ನಿಯಮ ಬರುತ್ತದೆ ಅಂತ ಎಲ್ಲರಿಗೂ ಸುಮಾರು ಎರಡು ವರ್ಷದಿಂದ ಗೊತ್ತಿತ್ತು. ಜನರು ಸಾಲದೆ ಹೋದಾಗ ಸಡಿಲವಾಗಿದ್ದು ಮಾತ್ರ ಪೈಲಟ್‌ನ ನಿದ್ದೆಯ ನಿಯಮ.

ಸಂಘಗಳು ಎಲ್ಲಿ ಹೋದವು?

ನಮ್ಮಲ್ಲಿ ಪೈಲಟ್ ಸಂಘಗಳಿಗೆ ಬಲ ಇದ್ದದ್ದು ಸರ್ಕಾರಿ ಕಂಪನಿಗಳ ಕಾಲದಲ್ಲಿ. ಏರ್ ಇಂಡಿಯಾದಲ್ಲಿ ಇಂಡಿಯನ್ ಪೈಲಟ್ಸ್ ಗಿಲ್ಡ್. ಇಂಡಿಯನ್ ಏರ್‌ಲೈನ್ಸ್‌ನಲ್ಲಿ ಇಂಡಿಯನ್ ಕಮರ್ಷಿಯಲ್ ಪೈಲಟ್ಸ್ ಅಸೋಸಿಯೇಷನ್. 2007ರಲ್ಲಿ ಎರಡೂ ಕಂಪನಿ ಸೇರಿದವು, ಸಂಬಳಗಳು ಸೇರಲಿಲ್ಲ. 2011ರಲ್ಲಿ ಹಳೆ ಇಂಡಿಯನ್ ಏರ್‌ಲೈನ್ಸ್ ಪೈಲಟ್‌ಗಳು ಸಮಾನ ಸಂಬಳ ಕೇಳಿ ಹತ್ತು ದಿನ ಮುಷ್ಕರ ಮಾಡಿದರು. ಆಡಳಿತ ಅವರ ಸಂಘದ ಮಾನ್ಯತೆಯನ್ನೇ ಕಿತ್ತುಹಾಕಿತು. 2012ರಲ್ಲಿ ಗಿಲ್ಡ್‌ನವರ ಸರದಿ. ಹೊಸ ಡ್ರೀಮ್‌ಲೈನರ್ ವಿಮಾನದ ತರಬೇತಿ ಯಾರಿಗೆ ಸಿಗಬೇಕು ಅನ್ನುವ ಜಗಳ 58 ದಿನ ನಡೆಯಿತು.

ಖಾಸಗಿ ಕಂಪನಿಗಳಲ್ಲಿ ಸಂಘ ಬೇರೂರಲೇ ಇಲ್ಲ. 2009ರಲ್ಲಿ ಜೆಟ್ ಏರ್‌ವೇಸ್ ಪೈಲಟ್‌ಗಳು ಒಂದು ಸಂಘ ಕಟ್ಟಿದರು. ಕಂಪನಿ ಇಬ್ಬರನ್ನು ಕೆಲಸದಿಂದ ತೆಗೆಯಿತು. ಉಳಿದವರು ಐದು ದಿನ ಒಟ್ಟಿಗೆ ಸಿಕ್ ಲೀವ್ ಹಾಕಿದರು. ಈಗ ಇರುವ ಫೆಡರೇಷನ್ ಆಫ್ ಇಂಡಿಯನ್ ಪೈಲಟ್ಸ್ ಥರದ ಸಂಸ್ಥೆಗಳು ಕೋರ್ಟ್‌ಗೆ ಹೋಗಬಲ್ಲವು, ಸರ್ಕಾರಕ್ಕೆ ಪತ್ರ ಬರೆಯಬಲ್ಲವು. ಒಂದು ಖಾಸಗಿ ಕಂಪನಿಯ ಎದುರು ಕೂತು ಎಲ್ಲರ ಪರವಾಗಿ ಸಂಬಳ ಮಾತಾಡುವ ಪದ್ಧತಿ ಇಲ್ಲ. ಒಪ್ಪಂದ ಒಬ್ಬೊಬ್ಬರ ಇಮೇಲ್‌ಗೆ ಬರುತ್ತದೆ, ಒಬ್ಬೊಬ್ಬರೇ ಸಹಿ ಹಾಕುತ್ತಾರೆ.

ಮುಷ್ಕರದ ದಾರಿಯೂ ಕಿರಿದು. ವಿಮಾನ ಸೇವೆಯಲ್ಲಿ ನೋಟಿಸ್ ಕೊಡದೆ ಮುಷ್ಕರ ಮಾಡುವಂತಿಲ್ಲ ಅನ್ನುವುದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲೇ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಶೇ 50 ಅಥವಾ ಅದಕ್ಕಿಂತ ಜಾಸ್ತಿ ಕಾರ್ಮಿಕರು ಒಂದೇ ದಿನ ಮಾತಾಡಿಕೊಂಡು ಕ್ಯಾಶುಯಲ್ ಲೀವ್ ಹಾಕಿದರೆ ಅದೂ ಮುಷ್ಕರವೇ. ಜೊತೆಗೆ ಪೈಲಟ್ 'ಕಾರ್ಮಿಕ'ನೇ ಅಲ್ಲ, ಮೇಲಧಿಕಾರಿ ಅನ್ನುವ ವಾದವನ್ನು ಕಂಪನಿಗಳು ಮುಂದಿಡುತ್ತವೆ. ಬಾಗಿಲುಗಳು ಹೀಗೆ ಮುಚ್ಚಿದಾಗ ಅಸಮಾಧಾನ ಸಿಕ್ ಲೀವ್ ಆಗಿ ಹೊರಬರುತ್ತದೆ. ಮುಷ್ಕರಕ್ಕಾದರೆ ಮೊದಲೇ ನೋಟಿಸ್ ಇರುತ್ತದೆ, ಪ್ರಯಾಣಿಕರು ಬೇರೆ ದಾರಿ ನೋಡಿಕೊಳ್ಳಬಹುದು. ಸಿಕ್ ಲೀವ್‌ಗೆ ಮುನ್ಸೂಚನೆ ಇರುವುದಿಲ್ಲ.

ಅಮೆರಿಕದಲ್ಲಿ ಬೇರೆ ಥರ

ಅಮೆರಿಕದಲ್ಲಿ 1931ರಲ್ಲೇ ಏರ್ ಲೈನ್ ಪೈಲಟ್ಸ್ ಅಸೋಸಿಯೇಷನ್ ಹುಟ್ಟಿತು. ಅಲ್ಲಿ ಸಂಘವೇ ಕೂತು ಎಲ್ಲರ ಪರ ಒಪ್ಪಂದ ಮಾಡಿಕೊಳ್ಳುತ್ತದೆ. ಸಂಘ ಇದ್ದ ಮಾತ್ರಕ್ಕೆ ಅಲ್ಲಿಯ ಪೈಲಟ್‌ಗಳು ಕಷ್ಟ ಕಂಡಿಲ್ಲ ಅಂತಲ್ಲ. 2001ರ ಸೆಪ್ಟೆಂಬರ್ 11ರ ಭಯೋತ್ಪಾದಕ ದಾಳಿಯ ನಂತರ ದೊಡ್ಡ ಕಂಪನಿಗಳು ಒಂದೊಂದಾಗಿ ದಿವಾಳಿ ಅರ್ಜಿ ಹಾಕಿ ಸಂಬಳ ಕತ್ತರಿಸಿದವು, ಪಿಂಚಣಿಯಿಂದ ಕೈತೊಳೆದುಕೊಂಡವು. 2009ರಲ್ಲಿ ನ್ಯೂಯಾರ್ಕ್‌ನ ಹಡ್ಸನ್ ನದಿಯಲ್ಲಿ ವಿಮಾನ ಇಳಿಸಿ 155 ಜನರ ಜೀವ ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್, ಅದೇ ವರ್ಷ ಅಮೆರಿಕದ ಸಂಸತ್ತಿನ ಮುಂದೆ ತನ್ನ ಸಂಬಳ ಶೇ 40ರಷ್ಟು ಕಡಿತವಾಗಿದೆ ಅಂತ ಹೇಳಿದ್ದರು. ಕೋವಿಡ್ ನಂತರ ಪೈಲಟ್‌ಗಳ ಕೊರತೆ ಬಂದಾಗ ಸಂಘದ ಬಲ ಕೆಲಸಕ್ಕೆ ಬಂತು. 2023ರಲ್ಲಿ ಡೆಲ್ಟಾ ಪೈಲಟ್‌ಗಳು ನಾಲ್ಕು ವರ್ಷಕ್ಕೆ ಶೇ 34ರಷ್ಟು ಏರಿಕೆ ಪಡೆದರು.

ಅಲ್ಲಿ ಸೀನಿಯಾರಿಟಿಯೇ ಎಲ್ಲ. ಯಾವ ವಿಮಾನ, ಯಾವ ಮಾರ್ಗ, ಯಾವ ರಜೆ ಎಲ್ಲವೂ ಸೇರಿದ ತಾರೀಖಿನ ಮೇಲೆ. ಕಂಪನಿ ಬಿಟ್ಟರೆ ಇನ್ನೊಂದು ಕಡೆ ಪಟ್ಟಿಯ ತಳದಿಂದ ಶುರು. ಹಾಗಾಗಿ ಪೈಲಟ್‌ಗಳು ಬಿಟ್ಟುಹೋಗುವ ಬದಲು ಇದ್ದಲ್ಲೇ ಇದ್ದು ಚೌಕಾಸಿ ಮಾಡುತ್ತಾರೆ.

ನಮ್ಮಲ್ಲಿ ಉಳಿದಿರುವ ದಾರಿ: ಕೆಲಸ ಬಿಡುವುದು

ಭಾರತದ ಕ್ಯಾಪ್ಟನ್ ಕಂಪನಿ ಬದಲಿಸಿದರೆ ಇನ್ನೊಂದು ಕಡೆಯೂ ಕ್ಯಾಪ್ಟನ್ ಆಗಿಯೇ ಸೇರಬಹುದು. ಗಲ್ಫ್ ಕಂಪನಿಗಳೂ ಕರೆಯುತ್ತವೆ. ಚೌಕಾಸಿಗೆ ಜಾಗ ಇಲ್ಲದ ಕಡೆ ರಾಜೀನಾಮೆಯೇ ಮಾತಾಡುತ್ತದೆ. 2022ರಲ್ಲಿ ಹಾರಾಟ ಶುರು ಮಾಡಿದ ಆಕಾಸ ಏರ್‌ನಿಂದ 2023ರಲ್ಲಿ 43 ಪೈಲಟ್‌ಗಳು ನೋಟಿಸ್ ಅವಧಿ ಮುಗಿಸದೆ ಹೊರಟರು. ಹಾರಾಟಗಳು ರದ್ದಾದವು. ಕಂಪನಿ ಕೋರ್ಟ್‌ಗೆ ಹೋಯಿತು.

ಆ ನೋಟಿಸ್ ಅವಧಿ ಸಣ್ಣದಲ್ಲ. 2017ರ ಡಿಜಿಸಿಎ ನಿಯಮದ ಪ್ರಕಾರ ಕ್ಯಾಪ್ಟನ್‌ಗೆ ಒಂದು ವರ್ಷ, ಫಸ್ಟ್ ಆಫೀಸರ್‌ಗೆ ಆರು ತಿಂಗಳು. ಪೈಲಟ್‌ಗಳು ದಿಢೀರ್ ಬಿಟ್ಟರೆ ಪ್ರಯಾಣಿಕರಿಗೆ ತೊಂದರೆ ಅನ್ನುವುದು ಸರ್ಕಾರ ಕೊಟ್ಟ ಕಾರಣ. ಅದು ನಿಜವೇ. ಪೈಲಟ್ ಸಂಘಗಳು ಈ ನಿಯಮವನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿವೆ. ಕಂಪನಿ ಖಾತರಿ ಗಂಟೆಯನ್ನು ಒಂದು ಇಮೇಲ್‌ನಲ್ಲಿ 70ರಿಂದ 40ಕ್ಕೆ ಇಳಿಸಬಹುದು. ಅದು ಒಪ್ಪಿಗೆಯಾಗದೆ ಅವತ್ತೇ ರಾಜೀನಾಮೆ ಕೊಟ್ಟ ಕ್ಯಾಪ್ಟನ್ ಮಾತ್ರ ಮುಂದಿನ ಹನ್ನೆರಡು ತಿಂಗಳು ಅದೇ ಕಂಪನಿಯ ವಿಮಾನ ಹಾರಿಸುತ್ತಲೇ ಇರಬೇಕು.